ಮಳೆಗಾಲಕ್ಕೂ ತಡೆಯುವ ಆರ್ಗನ್: ಕೊಡಗಿನ ಚರ್ಚಿಗೆ ಡಿಜಿಟಲ್ ಆರ್ಗನ್ ಮಾಡಿಸುವವರಿಗೆ

ಜುಲೈ ತಿಂಗಳ ಭಾನುವಾರದ ಆರಾಧನೆ ಹೇಗಿರುತ್ತದೆ ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಹೆಂಚಿನ ಮೇಲೆ ಮಳೆ ಒಂದೇ ಸಮನೆ ಹೊಯ್ಯುತ್ತಿರುತ್ತದೆ. ಮೊದಲ ಸಂಗೀತದ (ಆರಾಧನೆಯ ಹಾಡಿಗೆ ನಾವು ಹೇಳುವ ಹೆಸರು) ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚಿನವರು ಮುಂದಿನವರಿಗಿಂತ ಅರ್ಧ ಸಾಲು ಹಿಂದೆ ಉಳಿದಿರುತ್ತಾರೆ. ಮೂರನೇ ಚರಣಕ್ಕೆ ಕೆಲವರು ಪುಸ್ತಕ ಮುಚ್ಚಿ ಸುಮ್ನೆ ನಿಂತುಬಿಡುತ್ತಾರೆ. ಅವರಿಗೆ ಹಾಡುವ ಮನಸ್ಸಿಲ್ಲ ಎಂದಲ್ಲ. ರಾಗ ಕಿವಿಗೆ ಬೀಳುತ್ತಿಲ್ಲ, ಅಷ್ಟೆ.

ಮಡಿಕೇರಿ ಹತ್ತಿರದ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿ ನಾನು ಬಹಳ ವರ್ಷಗಳಿಂದ ಆರ್ಗನ್ ನುಡಿಸುತ್ತಿದ್ದೇನೆ. ನಾವು ಮೊದಲು ತಂದ ಆರ್ಗನ್ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೈಕೊಟ್ಟಿತು. ಆಮೇಲೆ ನಮ್ಮ ಕಟ್ಟಡಕ್ಕೆಂದೇ ಒಂದನ್ನು ಮಾಡಿಸಿದೆವು. ಅದು ಇವತ್ತಿಗೂ ನಡೆಯುತ್ತಿದೆ. ಸುಂಟಿಕೊಪ್ಪ, ಸಿದ್ದಾಪುರ, ಸೋಮವಾರಪೇಟೆ ಕಡೆಯವರು ಬಂದು ಕೇಳಿದಾಗ ನಾನು ಮೊದಲು ಹೇಳುವ ಮಾತು ಒಂದೇ. ಆರ್ಗನ್ ಇರುವುದು ಸಭೆಯನ್ನು ಹಾಡಿಸಲಿಕ್ಕೆ. ನಿಮ್ಮ ಕಟ್ಟಡದಲ್ಲಿ, ನಿಮ್ಮ ಜನ, ನಿಮ್ಮ ಮಳೆಯಲ್ಲಿ ಹಾಡಬೇಕು. ಸ್ಟಾಪ್ (ಒಂದೊಂದು ಬಗೆಯ ಧ್ವನಿಯನ್ನು ತೆರೆಯುವ ಗುಂಡಿ) ಎಷ್ಟು, ಯಾವ ದೇಶದ ಮಾಲು, ಮರದ ಬಣ್ಣ ಯಾವುದು ಎನ್ನುವುದೆಲ್ಲ ಆಮೇಲಿನ ಮಾತು.

ಕೊಡಗಿನ ಚರ್ಚುಗಳು ಒಂದೇ ತರಹ ಇಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರಲ್ಲಿ ಶುರುವಾದದ್ದು. ಎತ್ತರದ ಛಾವಣಿ, ದೊಡ್ಡ ಒಳಾಂಗಣ. ಅಲ್ಲಿ ಒಂದು ಸ್ವರ ಬಿಟ್ಟರೆ ಅದು ಸುತ್ತಿ ಬರುತ್ತದೆ. ತೋಟದ ನಡುವೆ ಇರುವ ಸಣ್ಣ ಚರ್ಚುಗಳಲ್ಲಿ ಛಾವಣಿ ತಗ್ಗು, ಗೋಡೆ ಹತ್ತಿರ, ಸ್ವರ ಹುಟ್ಟಿದ ಕೂಡಲೇ ಸಾಯುತ್ತದೆ. ಎರಡಕ್ಕೂ ಒಂದೇ ಆರ್ಗನ್ ಹೊಂದುವುದಿಲ್ಲ. ಮಾಡಿಸುವುದು ಎಂಬ ಮಾತಿಗೆ ಅರ್ಥ ಬರುವುದೇ ಇಲ್ಲಿ.

ಮೊದಲ ಹೆಜ್ಜೆ: ಕ್ಯಾಟಲಾಗ್ ಬದಿಗಿಡಿ, ಕಿವಿಗೊಟ್ಟು ಕೂರಿ

ಯಾವ ಕಂಪನಿಗೂ ಫೋನ್ ಮಾಡುವ ಮೊದಲು ಮೂರು ನಾಲ್ಕು ಭಾನುವಾರ ಬೇರೆ ಬೇರೆ ಬೆಂಚಿನಲ್ಲಿ ಕೂತು ಕೇಳಿ. ಒಂದು ವಾರ ಮುಂದೆ, ಒಂದು ವಾರ ಕಂಬದ ಹಿಂದೆ, ಒಂದು ವಾರ ಬಾಗಿಲ ಹತ್ತಿರ. ಎಲ್ಲಿ ಹಾಡು ಗಟ್ಟಿಯಾಗಿದೆ, ಎಲ್ಲಿ ಸೋಲುತ್ತದೆ ಎಂದು ಬರೆದಿಡಿ. ಇದರಲ್ಲಿ ಒಂದು ವಾರವಾದರೂ ಮಳೆಯ ವಾರ ಆಗಿರಲೇಬೇಕು.

ಆಮೇಲೆ ವಾರದ ಮಧ್ಯೆ ಒಂದು ದಿನ ಖಾಲಿ ಚರ್ಚಿನ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದು ಪೂರ್ತಿ ಅಡಗಲು ಎಷ್ಟು ಹೊತ್ತು ಬೇಕು ನೋಡಿ. ಎರಡು ಸೆಕೆಂಡಿಗಿಂತ ಹೆಚ್ಚಾದರೆ ನಿಮ್ಮ ಚರ್ಚಿಗೆ ತನ್ನದೇ ಅನುರಣನ ಇದೆ, ಯಂತ್ರ ಅದನ್ನು ಕೊಡಬೇಕಾಗಿಲ್ಲ. ತಟಕ್ಕೆಂದು ನಿಂತರೆ ಸ್ವಲ್ಪ ಕೊಡಬೇಕಾಗುತ್ತದೆ. ಸ್ವಲ್ಪವೇ, ಜಾಸ್ತಿ ಅಲ್ಲ. ಕನ್ನಡದಲ್ಲಿ ಹ್ರಸ್ವ ದೀರ್ಘ ಬದಲಾದರೆ ಮಾತೇ ಬದಲಾಗುತ್ತದೆ ಅಲ್ವಾ? ಅನುರಣನ ಹೆಚ್ಚಾದರೆ ಅಕ್ಷರದ ಮೇಲೆ ಅಕ್ಷರ ಬಿದ್ದು ಎಲ್ಲವೂ ದೀರ್ಘವಾಗಿ ಕೇಳುತ್ತದೆ. ಜನ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ತಿಳಿಯದೆ ನಿಧಾನವಾಗುತ್ತಾರೆ.

ಛಾವಣಿಯನ್ನೂ ನೋಡಿ. ಮಂಗಳೂರು ಹೆಂಚಾ, ತಗಡಾ, ಕಾಂಕ್ರೀಟಾ? ಹೆಂಚಿನ ಕೆಳಗೆ ಮರದ ಹಲಗೆಯ ಸೀಲಿಂಗ್ ಇದೆಯಾ? ನಮ್ಮ ಹಳೆಯ ಸಭೆಗಳಲ್ಲಿ ಹೆಂಚೂ ರಾಗವೂ ಒಂದೇ ಕಡೆಯಿಂದ ಬಂದವು ಎಂಬುದು ನನಗೆ ಇಷ್ಟವಾದ ಸಂಗತಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಜರ್ಮನ್ ರಾಗಗಳಿಗೆ ಕನ್ನಡ ಮಾತು ಕೂರಿಸಿ ಸಭೆಗಳಿಗೆ ಕೊಟ್ಟವರೂ ಅವರೇ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಆ ರಾಗ ದಾಟಿ ಬರಬೇಕು. ಆರ್ಗನ್ ಮಾಡುವವರ ಮುಂದೆ ನಾವು ಇಡಬೇಕಾದ ಮೊದಲ ಬೇಡಿಕೆ ಇದೇ.

ಎರಡನೇ ಹೆಜ್ಜೆ: ನುಡಿಸುವವರು ಯಾರು?

ಇದನ್ನು ಎಲ್ಲರೂ ಕೊನೆಗೆ ಕೇಳುತ್ತಾರೆ. ಮೊದಲೇ ಕೇಳಿ. ಈಗ ನುಡಿಸುತ್ತಿರುವವರು ಕೀಬೋರ್ಡಿನವರಾ, ಕಾಲು ಹಾರ್ಮೋನಿಯಂ ಕಲಿತ ಹಿರಿಯರಾ, ಮೈಸೂರಿಗೋ ಬೆಂಗಳೂರಿಗೋ ಓದಲು ಹೋಗಿ ಪಿಯಾನೋ ಪರೀಕ್ಷೆ ಬರೆದು ಬಂದ ಮಕ್ಕಳಾ?

ಚರ್ಚ್ ಆರ್ಗನ್ನಿಗೆ ಸಾಮಾನ್ಯವಾಗಿ ಕೈಯಿಂದ ನುಡಿಸುವ ಎರಡು ಸಾಲು ಕೀಗಳಿರುತ್ತವೆ. ಪ್ರತಿ ಸಾಲಿಗೆ 61 ಕೀ. ಕಾಲಿನಿಂದ ನುಡಿಸುವ ಪೆಡಲ್‌ಬೋರ್ಡಿನಲ್ಲಿ 30 ಅಥವಾ 32 ಕೀ. ಪೆಡಲ್ ನಮ್ಮಲ್ಲಿ ಬಹಳ ಜನರಿಗೆ ಹೊಸದು. ಹಾಗೆಂದು ಪೆಡಲ್ ಬೇಡ ಎನ್ನಬೇಡಿ. ಆರ್ಗನ್ ಇಪ್ಪತ್ತು ವರ್ಷ ಇರುತ್ತದೆ, ಇಂದು ಹತ್ತು ವರ್ಷದ ಹುಡುಗಿ ನಾಳೆ ಅದನ್ನು ನುಡಿಸುತ್ತಾಳೆ. ಅಲ್ಲಿಯವರೆಗೆ ಕೆಳಗಿನ ಸ್ವರವನ್ನು ತಾನೇ ಪೆಡಲ್ಲಿಗೆ ಕೊಡುವ ಬೇಸ್ ಕಪ್ಲರ್ ಎಂಬ ಅನುಕೂಲ ಇದೆ. ಎಡಗೈಯ ಅತಿ ಕೆಳಗಿನ ಸ್ವರವನ್ನು ಅದು ಪೆಡಲ್ ಧ್ವನಿಯಲ್ಲಿ ನುಡಿಸುತ್ತದೆ. ಇದು ಇರಲೇಬೇಕೆಂದು ಬರೆದು ಕೊಡಿ. ಬೆಂಚಿನ ಎತ್ತರ ಏರಿಸಿ ಇಳಿಸುವಂತಿರಲಿ. ಹೆಡ್‌ಫೋನ್ ಹಾಕಿ ಅಭ್ಯಾಸ ಮಾಡುವಂತಿರಲಿ.

ಇನ್ನೊಂದು ಮಾತು ಶ್ರುತಿಯದ್ದು. ನಮ್ಮ ಸಭೆಗಳಲ್ಲಿ ಒಂದು ಸಂಗೀತ ಆರ್ಗನ್ನಿಗೆ, ಇನ್ನೊಂದು ಕೀರ್ತನೆ ಹಾರ್ಮೋನಿಯಂ ತಬಲಾಕ್ಕೆ. ಕೆಲವು ಕಡೆ ಎಲ್ಲವೂ ಒಟ್ಟಿಗೆ. ಹಾರ್ಮೋನಿಯಂನವರು ಬಿಳಿ ಎರಡು, ಕಪ್ಪು ಒಂದು ಎಂದು ಶ್ರುತಿ ಹೇಳುತ್ತಾರೆ. ಹಳೆಯ ಹಾರ್ಮೋನಿಯಂಗಳು ಆರ್ಗನ್ನಿನ ಸಾಮಾನ್ಯ 440 ಹರ್ಟ್ಸಿನ ಶ್ರುತಿಗೆ ಸರಿಯಾಗಿ ಕೂರುವುದೂ ಇಲ್ಲ. ಹಾಗಾಗಿ ಎರಡು ಬೇರೆ ಬೇರೆ ಅನುಕೂಲ ಬೇಕು. ಅರ್ಧರ್ಧ ಸ್ವರ ಏರಿಸಿ ಇಳಿಸುವ ಟ್ರಾನ್ಸ್‌ಪೋಸರ್ ಒಂದು. ಅರ್ಧ ಸ್ವರಕ್ಕಿಂತಲೂ ಸೂಕ್ಷ್ಮವಾಗಿ ಶ್ರುತಿ ಸರಿಪಡಿಸುವ ಗುಂಡಿ ಇನ್ನೊಂದು. ಮಾರುವವರು ಮೊದಲನೆಯದನ್ನು ತೋರಿಸಿ ಎರಡನೆಯದೂ ಅದೇ ಎನ್ನಬಹುದು. ಅಲ್ಲ. ಆರ್ಗನ್ ನುಡಿಸಿ ನೋಡಲು ಹೋಗುವಾಗ ನಿಮ್ಮ ಚರ್ಚಿನ ಹಾರ್ಮೋನಿಯಂ ಕಾರಿನಲ್ಲಿ ಹಾಕಿಕೊಂಡೇ ಹೋಗಿ.

ಮೂರನೇ ಹೆಜ್ಜೆ: ಮಾಡಿಸುವ ದಾರಿ ಯಾವುದು

ಕೊಳವೆಗಳಿಗೆ ಗಾಳಿ ಊದಿ ಸ್ವರ ಹೊರಡಿಸುವ ನಿಜವಾದ ಪೈಪ್ ಆರ್ಗನ್ ಕೇಳಬೇಕೆಂದರೆ ನಮಗೆ ಹತ್ತಿರ ಬೆಂಗಳೂರು. ಅಲ್ಲಿನ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ 1881ರ ಪೈಪ್ ಆರ್ಗನ್ ಇದೆ. ಸಮಿತಿಯವರು ಒಮ್ಮೆ ಹೋಗಿ ಕೇಳಿಬರುವುದು ಒಳ್ಳೆಯದು. ಡಿಜಿಟಲ್ ಆರ್ಗನ್ ಯಾವುದನ್ನು ಹೋಲಬೇಕು ಎಂಬುದು ಕಿವಿಗೆ ಗೊತ್ತಿಲ್ಲದಿದ್ದರೆ ಆರಿಸುವುದು ಹೇಗೆ?

ಡಿಜಿಟಲ್ ಆರ್ಗನ್ನಿನ ಕತೆ ಅಷ್ಟು ಹೊಸತಲ್ಲ. ಅಮೆರಿಕದ ಅಲೆನ್ ಕಂಪನಿ 1971ರಲ್ಲೇ ಮೊದಲ ಡಿಜಿಟಲ್ ಚರ್ಚ್ ಆರ್ಗನ್ ಮಾರಾಟಕ್ಕೆ ತಂದಿತು. ನೆದರ್ಲೆಂಡ್ಸಿನ ಯೋಹಾನಸ್, ಇಟಲಿಯ ವೈಕೌಂಟ್, ಅಮೆರಿಕದ ರಾಜರ್ಸ್ ಇದರಲ್ಲಿ ಹೆಸರಾದ ಕಂಪನಿಗಳು. ಹೆಚ್ಚಿನವರು ನಿಜವಾದ ಪೈಪುಗಳ ಧ್ವನಿಯನ್ನು ಮುದ್ರಿಸಿ ಕೀಗೆ ಜೋಡಿಸುತ್ತಾರೆ. ಅದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತಾರೆ. ವೈಕೌಂಟ್ ತನ್ನ ಕೆಲವು ಆರ್ಗನ್‌ಗಳಲ್ಲಿ ಮುದ್ರಿಸದೆ, ಪೈಪಿನಲ್ಲಿ ಗಾಳಿ ಹೇಗೆ ಕಂಪಿಸುತ್ತದೆ ಎಂಬ ಲೆಕ್ಕದಿಂದ ಆ ಕ್ಷಣದಲ್ಲೇ ಧ್ವನಿ ಹುಟ್ಟಿಸುತ್ತದೆ. ಎರಡೂ ಚೆನ್ನಾಗಿ ಕೇಳಬಲ್ಲವು. ಈ ಚರ್ಚೆಯಲ್ಲಿ ಬಹಳ ಹೊತ್ತು ಕಳೆಯಬೇಡಿ.

ಮಾಡಿಸುವವರ ಮುಂದೆ ಎರಡು ದಾರಿ ಇವೆ. ಒಂದು, ಇಂಥ ದೊಡ್ಡ ಕಂಪನಿಯ ಆರ್ಗನ್ನನ್ನೇ ನಿಮ್ಮ ಕಟ್ಟಡಕ್ಕೆ ತಕ್ಕ ಸ್ಟಾಪ್ ಪಟ್ಟಿ, ಸ್ಪೀಕರ್, ಮರದ ಕೆಲಸದೊಂದಿಗೆ ತರಿಸುವುದು. ಎರಡು, ಕಂಪ್ಯೂಟರಿನಲ್ಲಿ ಆರ್ಗನ್ ಸಾಫ್ಟ್‌ವೇರ್ ಹಾಕಿ, ಅದಕ್ಕೆ ಕೀ, ಪೆಡಲ್, ಇವೆಲ್ಲ ಕೂರುವ ಮರದ ಪೆಟ್ಟಿಗೆ (ಕನ್ಸೋಲ್) ಜೋಡಿಸಿ ಕೊಡುವ ಸಣ್ಣ ತಯಾರಕರಿಂದ ಮಾಡಿಸುವುದು. ಹಾಪ್ಟ್‌ವರ್ಕ್ ಎಂಬುದು ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್. ಗ್ರ್ಯಾಂಡ್‌ಆರ್ಗ್ ಉಚಿತವಾಗಿ ಸಿಗುವಂಥದ್ದು.

ಎರಡನೇ ದಾರಿಯಲ್ಲಿ ಒಂದು ದೊಡ್ಡ ಅನುಕೂಲ ಇದೆ. ಕಂಪ್ಯೂಟರ್ ಕೆಟ್ಟರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಸಿಗುತ್ತದೆ, ಮೈಸೂರಿನಲ್ಲೂ ರಿಪೇರಿ ಆಗುತ್ತದೆ. ಕಂಪನಿಯ ವಿಶೇಷ ಬೋರ್ಡ್ ಸುಟ್ಟರೆ ಅದು ಸಮುದ್ರ ದಾಟಿಯೇ ಬರಬೇಕು. ತೊಂದರೆಯೂ ಇದೆ. ಇಡೀ ಆರ್ಗನ್ನಿನ ಗುಟ್ಟು ಕಟ್ಟಿದ ಒಬ್ಬರ ತಲೆಯಲ್ಲೇ ಇರುತ್ತದೆ. ಅವರು ಊರು ಬಿಟ್ಟರೆ ಮುಗಿಯಿತು. ಸ್ವಿಚ್ ಒತ್ತಿದ ಮೇಲೆ ಧ್ವನಿ ಬರಲು ಕೆಲವು ನಿಮಿಷ ಕಾಯಬೇಕಾಗಬಹುದು. ಆರಾಧನೆಯ ನಡುವೆ ಕರೆಂಟು ಹೋಗಿ ಬಂದರೆ ಆ ಕೆಲವು ನಿಮಿಷ ಬಹಳ ಉದ್ದ.

ನನ್ನ ಅಭಿಪ್ರಾಯ ಹೀಗೆ. ಸಭೆಯಲ್ಲಿ ಕಂಪ್ಯೂಟರ್ ಚೆನ್ನಾಗಿ ಬಲ್ಲ ಇಬ್ಬರಾದರೂ ಊರಲ್ಲೇ ಇದ್ದರೆ ಎರಡನೇ ದಾರಿ ಹಿಡಿಯಿರಿ. ಇಲ್ಲದಿದ್ದರೆ ಮೊದಲನೆಯದು. ಯಾವುದೇ ಆಗಲಿ, ವೈರಿಂಗ್ ನಕ್ಷೆ, ಸಾಫ್ಟ್‌ವೇರಿನ ಲೈಸೆನ್ಸ್, ಪಾಸ್‌ವರ್ಡ್, ಎಲ್ಲ ಹೊಂದಿಕೆಗಳ ನಕಲು ಚರ್ಚಿನ ಹೆಸರಲ್ಲಿ, ಚರ್ಚಿನ ಬೀರುವಿನಲ್ಲಿ ಇರಬೇಕು.

ಸ್ಟಾಪ್ ಎಷ್ಟು ಬೇಕು

ಇದು ಎಲ್ಲರೂ ಜಗಳವಾಡುವ ವಿಷಯ. ಆದರೆ ಹೇಳುವುದು ಕಡಿಮೆ ಇದೆ. ಇನ್ನೂರು ಜನ ಕೂರುವ ಚರ್ಚಿಗೆ 20ರಿಂದ 30 ಸ್ಟಾಪ್ ಸಾಕು. ಸ್ಟಾಪಿನ ಹೆಸರಿನ ಮುಂದೆ 8 ಅಡಿ, 4 ಅಡಿ ಎಂದು ಬರೆದಿರುವುದು ಪೈಪಿನ ಉದ್ದ. 8 ಅಡಿ ಎಂದರೆ ನಾವು ಹಾಡುವ ಶ್ರುತಿ. 4 ಅಡಿ ಒಂದು ಸ್ಥಾಯಿ ಮೇಲೆ, 2 ಅಡಿ ಎರಡು ಸ್ಥಾಯಿ ಮೇಲೆ, 16 ಅಡಿ ಒಂದು ಸ್ಥಾಯಿ ಕೆಳಗೆ.

ಸಭೆಯನ್ನು ನಡೆಸುವುದು ಪ್ರಿನ್ಸಿಪಲ್ ಎಂಬ ಕುಟುಂಬ, ಅಂದರೆ ಆರ್ಗನ್ನಿನದೇ ಆದ ಮೂಲ ಧ್ವನಿ. ಕೆಳಗಿನ ಸಾಲಿನಲ್ಲಿ 8, 4, 2 ಅಡಿಯ ಪ್ರಿನ್ಸಿಪಲ್, ಒಂದು ಮಿಕ್ಸ್ಚರ್ (ಒಂದು ಕೀಗೆ ಹಲವು ಎತ್ತರದ ಸ್ವರ ಒಟ್ಟಿಗೆ ಕೊಡುವ ಸ್ಟಾಪ್), ಒಂದೆರಡು ಕೊಳಲು ಧ್ವನಿ, ಒಂದು ಟ್ರಂಪೆಟ್ ಇರಲಿ. ಮೇಲಿನ ಸಾಲಿನಲ್ಲಿ ಮೆತ್ತಗಿನ ಕೊಳಲು, ತಂತಿ ಧ್ವನಿ, ಓಬೋ. ಪೆಡಲ್ಲಿನಲ್ಲಿ 16 ಮತ್ತು 8 ಅಡಿಯವು. ಪ್ರಭುಭೋಜನದ ಹೊತ್ತಿಗೆ ಮೆತ್ತಗೆ ನುಡಿಸಲು ಒಂದು ಒಳ್ಳೆಯ 8 ಅಡಿಯ ಕೊಳಲು ಇದ್ದರೆ ನನಗೆ ಅದೊಂದೇ ಸಾಕು. ಒಂದೊಂದು ಸ್ಟಾಪನ್ನೂ ಬೇರೆಯಾಗಿ ಎಳೆದು, ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಕೀ ಒತ್ತಿ ಕೇಳಿ. ಒಂದೇ ಧ್ವನಿಯನ್ನು ಹಿಗ್ಗಿಸಿ ನಾಲ್ಕು ಕೀಗಳಿಗೆ ಹಂಚಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಮೊದಲೇ ಆರಿಸಿಟ್ಟ ಸ್ಟಾಪ್‌ಗಳನ್ನು ಒಂದೇ ಒತ್ತಿಗೆ ತರುವ ನೆನಪಿನ ಗುಂಡಿಗಳು ಮಾತ್ರ ಧಾರಾಳವಾಗಿರಲಿ. ಅವಕ್ಕೆ ಪಿಸ್ಟನ್ ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಒಂದೇ ಚರ್ಚಿನಲ್ಲಿ ಕನ್ನಡ, ಕೊಂಕಣಿ, ಮಲಯಾಳ, ತಮಿಳು ಆರಾಧನೆಗಳು ನಡೆಯುವುದುಂಟು. ಒಂದೊಂದು ಗುಂಪಿಗೂ ಒಂದೊಂದು ನೆನಪಿನ ಖಾನೆ ಕೊಟ್ಟು ಬೀಗ ಹಾಕುವಂತಿದ್ದರೆ, ಒಬ್ಬರು ಹೊಂದಿಸಿದ್ದನ್ನು ಇನ್ನೊಬ್ಬರು ಅಳಿಸಿದರು ಎಂಬ ಮನಸ್ತಾಪ ಬರುವುದಿಲ್ಲ.

ಸ್ಪೀಕರಿಗೆ ಕೈ ಬಿಗಿ ಹಿಡಿಯಬೇಡಿ

ನಮ್ಮ ಮೊದಲ ಆರ್ಗನ್ ಸೋತದ್ದು ಇಲ್ಲೇ. ಐವತ್ತಕ್ಕೂ ಹೆಚ್ಚು ಸ್ಟಾಪ್ ಇದ್ದ ಚಂದದ ಪೆಟ್ಟಿಗೆ. ಆದರೆ ಸ್ಪೀಕರು ಅದರ ಹೊಟ್ಟೆಯೊಳಗೇ ಇದ್ದವು, ಮನೆಯ ಕೋಣೆಗೆ ಮಾಡಿದಂಥವು. ಮೊದಲ ಸಾಲಿನವರಿಗೆ ಕಿವಿಗಡಚಿಕ್ಕುವಷ್ಟು ಸದ್ದು, ಕೊನೆ ಸಾಲಿಗೆ ಬರೀ ಗುಂಯ್. ಅದನ್ನು ಸರಿಮಾಡಲು ಯಾರೋ ಹೇಳಿದರೆಂದು ಮೈಕಿನ ಸ್ಪೀಕರಿಗೆ ಜೋಡಿಸಿದೆವು. ಅಲ್ಲಿಂದ ಪ್ರಸಂಗದ ಮಾತೂ ಕೆಟ್ಟಿತು, ಹಾಡೂ ಕೆಟ್ಟಿತು. ದಯವಿಟ್ಟು ಆ ತಪ್ಪು ಮಾಡಬೇಡಿ. ಮೈಕ್ ಸೆಟ್ ಮಾತಿಗೆ, ಆರ್ಗನ್ನಿಗೆ ಅದರದ್ದೇ ಸ್ಪೀಕರ್.

ಪೈಪ್ ಆರ್ಗನ್ನಿನಲ್ಲಿ ಪ್ರತಿ ಪೈಪೂ ತನ್ನ ಜಾಗದಿಂದ ತಾನೇ ಹಾಡುತ್ತದೆ. ಗಾಳಿಯಲ್ಲಿ ಬೆರೆಯುತ್ತದೆ. ಡಿಜಿಟಲ್ಲಿನಲ್ಲಿ ಹತ್ತು ಸ್ಟಾಪಿನ ಧ್ವನಿಯನ್ನು ಒಂದೇ ಸ್ಪೀಕರಿನ ಕಾಗದದ ಕೋನಿಗೆ ತುರುಕಿದರೆ ಅವು ಅಲ್ಲೇ ಕಲಸಿಹೋಗುತ್ತವೆ. ಅದಕ್ಕೇ ಹೆಚ್ಚು ಚಾನೆಲ್ ಕೇಳಬೇಕು. ಚಾನೆಲ್ ಎಂದರೆ ಪ್ರತ್ಯೇಕ ಆಂಪ್ಲಿಫೈಯರ್, ಪ್ರತ್ಯೇಕ ಸ್ಪೀಕರ್. ಸಣ್ಣ ಚರ್ಚಿಗೂ ಕೈಗಳಿಗೆ ನಾಲ್ಕು ಚಾನೆಲ್, ಪೆಡಲ್ಲಿಗೆ ಒಂದು ಸಬ್‌ವೂಫರ್ (ಅತಿ ಕೆಳಗಿನ ಸ್ವರಗಳ ಸ್ಪೀಕರ್) ಬೇಕು. ಹಣ ಸಾಲದಿದ್ದರೆ ಸ್ಟಾಪ್ ಕಡಿಮೆ ಮಾಡಿ, ಚಾನೆಲ್ ಕಡಿಮೆ ಮಾಡಬೇಡಿ. ಒಟ್ಟು ಹಣದಲ್ಲಿ ಮೂರನೇ ಒಂದು ಪಾಲು ಸ್ಪೀಕರ್ ಮತ್ತು ಆಂಪ್ಲಿಫೈಯರಿಗೆ ಎಂದು ನಾನು ಲೆಕ್ಕ ಹಾಕುತ್ತೇನೆ.

16 ಅಡಿಯ ಪೆಡಲ್ ಸ್ಟಾಪಿನ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 33 ಸಲ ಕಂಪಿಸುತ್ತದೆ. ಸಾಮಾನ್ಯ ಸ್ಪೀಕರಿಗೆ ಅದು ಬರುವುದೇ ಇಲ್ಲ. ಅದನ್ನು ಕಿವಿಗಿಂತ ಹೆಚ್ಚಾಗಿ ಬೆಂಚಿನ ಮೇಲೆ ಇಟ್ಟ ಅಂಗೈ ಕೇಳುತ್ತದೆ. ಅದಿದ್ದರೆ ಜನ ಧೈರ್ಯವಾಗಿ ಹಾಡುತ್ತಾರೆ. ಸಬ್‌ವೂಫರನ್ನು ಮೂಲೆಯಲ್ಲಿಟ್ಟರೆ ಸದ್ದು ಜಾಸ್ತಿ ಬರುತ್ತದೆ, ಆದರೆ ಕಿಟಕಿ ಗಾಜು ಗಡಗಡಿಸುತ್ತದೆ. ಹಳೇ ಕಿಟಕಿಗಳಿದ್ದರೆ ಮೊದಲೇ ಬಡಗಿಯನ್ನು ಕರೆಸಿ ಬಿಗಿ ಮಾಡಿಸಿ.

ಸ್ಪೀಕರು ತಲೆಗಿಂತ ಮೇಲಿರಲಿ. ಮುಖ ನೇರವಾಗಿ ಜನರ ಕಿವಿಗೆ ಇರಬಾರದು. ಎದುರಿನ ಗೋಡೆಗೋ ಛಾವಣಿಗೋ ತಾಗಿ ಬರಲಿ. ಕನ್ಸೋಲ್ ಮುಂದೆ, ಸ್ಪೀಕರ್ ಹಿಂದಿನ ಅಟ್ಟದಲ್ಲಿ ಇಡುವ ಯೋಚನೆ ಇದ್ದರೆ ಒಂದು ಲೆಕ್ಕ ಹಾಕಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 20 ಮೀಟರ್ ದೂರದಿಂದ ಬರಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಇಷ್ಟೇನಾ ಅನಿಸುತ್ತದೆ. ನುಡಿಸುವವರಿಗೆ ಅದು ದೊಡ್ಡ ತಡ. ತಮ್ಮ ಕೈಯೇ ತಮ್ಮ ಮಾತು ಕೇಳದಂತಾಗುತ್ತದೆ. ನುಡಿಸುವವರ ಪಕ್ಕ ಒಂದು ಸಣ್ಣ ಮಾನಿಟರ್ ಸ್ಪೀಕರ್ ಇಟ್ಟರೆ ಈ ಕಷ್ಟ ತಪ್ಪುತ್ತದೆ.

ಕರೆಂಟು, ಸಿಡಿಲು, ಥಂಡಿ

ಹೊರಗಿನ ತಯಾರಕರಿಗೆ ಇದು ಅರ್ಥವಾಗುವುದಿಲ್ಲ. ನಾವೇ ಹೇಳಬೇಕು.

ಫೆಬ್ರವರಿ ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ತೋಟದವರಿಗೆ ಖುಷಿ. ಅದರ ಹಿಂದೆಯೇ ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲು. ಅಕ್ಟೋಬರಿನಲ್ಲಿ, ಕಾವೇರಿ ಸಂಕ್ರಮಣದ ಆಸುಪಾಸಿನಲ್ಲಿ ಮತ್ತೆ ಅದೇ. ನಮ್ಮ ಮೊದಲ ಆರ್ಗನ್ನಿನ ಆಂಪ್ಲಿಫೈಯರ್ ಸುಟ್ಟದ್ದು ಒಂದು ಏಪ್ರಿಲ್ ಸಂಜೆ. ಸ್ವಿಚ್ ಆಫ್ ಆಗಿತ್ತು, ಪ್ಲಗ್ ಮಾತ್ರ ಗೋಡೆಯಲ್ಲೇ ಇತ್ತು. ಮಾರಿದವರು ಅದು ವಾರಂಟಿಗೆ ಬರುವುದಿಲ್ಲ ಎಂದರು. ರಿಪೇರಿಯವರು ಬರಲು ನಾವು ಮೂರು ತಿಂಗಳು ಕಾದೆವು. ಅಷ್ಟರಲ್ಲಿ ಮಳೆಗಾಲ ಬಂತು, ಕೀಗಳ ಕೆಳಗೆ ಬೂಷ್ಟು ಹಿಡಿಯಿತು.

ಹಾಗಾಗಿ ಆರ್ಗನ್ ಬರುವ ಮೊದಲೇ ಮಾಡಿಸಬೇಕಾದದ್ದು ಅರ್ಥಿಂಗ್. ಹೊಸ ಗುಂಡಿ ತೆಗೆಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಅಳೆಸಿ. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಸರಿಯಿಲ್ಲ, ಇಲ್ಲವೇ ವೈರಿಂಗಿನಲ್ಲಿ ತೊಂದರೆ ಇದೆ. ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅರ್ಥ್ ಚೆನ್ನಾಗಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ಇಷ್ಟೆಲ್ಲ ಮಾಡಿದ ಮೇಲೂ, ಆರಾಧನೆ ಮುಗಿದ ಕೂಡಲೇ ಪ್ಲಗ್ ಕಿತ್ತಿಡಿ. ನಮ್ಮಲ್ಲಿ ಇದು ಚರ್ಚಿನ ಬೀಗ ಹಾಕುವವರ ಕೆಲಸಗಳಲ್ಲಿ ಒಂದು.

ಮರ ಬಿದ್ದು ಲೈನ್ ಹೋಗುವುದು, ವೋಲ್ಟೇಜ್ ಕುಸಿಯುವುದು ಮಳೆಗಾಲದಲ್ಲಿ ಮಾಮೂಲಿ. ಚೆಸ್ಕಾಂನವರು ಮಳೆಯಲ್ಲೇ ಕಂಬ ಹತ್ತಿ ಸರಿಮಾಡುತ್ತಾರೆ, ಆದರೂ ಹೊತ್ತು ಹಿಡಿಯುತ್ತದೆ. ಆರ್ಗನ್ನಿಗೆ, ಲೈನ್ ಹೋದರೂ ಒಂದು ಕ್ಷಣವೂ ನಿಲ್ಲದ ಆನ್‌ಲೈನ್ ಯುಪಿಎಸ್ ಹಾಕಿಸಿ. ಅದು ಶುದ್ಧ ಸೈನ್ ವೇವ್ ಕೊಡುವಂಥದ್ದಾಗಿರಬೇಕು. ಮನೆಯ ಹಳೇ ಇನ್ವರ್ಟರಿಗೆ ಜೋಡಿಸಿದರೆ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಒಂದೂವರೆ ಗಂಟೆ ಆರಾಧನೆ ನಡೆಯುವಷ್ಟು ಬ್ಯಾಟರಿ ಇರಲಿ. ಆರ್ಗನ್ ಎಷ್ಟು ವ್ಯಾಟ್ ಎಳೆಯುತ್ತದೆ ಎಂಬುದನ್ನು ಬರಹದಲ್ಲಿ ಪಡೆದು ಆಮೇಲೆ ಯುಪಿಎಸ್ ಕೊಳ್ಳಿ. ಹೊರದೇಶದ ಮಾಲಾದರೆ 230 ವೋಲ್ಟ್, 50 ಹರ್ಟ್ಸಿಗೆ ಮಾಡಿದ್ದಾ ಎಂದು ಕೇಳಿ.

ಇನ್ನು ಥಂಡಿ, ಅಂದರೆ ತೇವ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಕುಶಾಲನಗರದ ಕಡೆ ಅದರ ಅರ್ಧವೂ ಇಲ್ಲ. ಹಾಗಾಗಿ ಅಲ್ಲಿ ಚೆನ್ನಾಗಿ ನಡೆಯುತ್ತಿದೆ ಎಂದು ಭಾಗಮಂಡಲದ ಕಡೆಯವರು ಅದೇ ಪೆಟ್ಟಿಗೆ ತರಬೇಡಿ. ಮರದ ಪುಡಿ ಒತ್ತಿ ಮಾಡಿದ ಹಲಗೆ ನಮ್ಮಲ್ಲಿ ಎರಡು ವರ್ಷಕ್ಕೆ ಉಬ್ಬುತ್ತದೆ, ಮೇಲಿನ ಪದರ ಎದ್ದು ಬರುತ್ತದೆ. ಕನ್ಸೋಲ್ ಗಟ್ಟಿ ಮರದ್ದಾಗಿರಲಿ, ಇಲ್ಲವೇ ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ಆಗಿರಲಿ. ಸಣ್ಣ ತಯಾರಕರಾದರೆ ಮರದ ಕೆಲಸ ಇಲ್ಲೇ ಮಾಡಿಸಬಹುದು. ಹಲಸಿನ ಮರ ಚೆನ್ನಾಗಿ ನಿಲ್ಲುತ್ತದೆ, ನೋಡಲೂ ಬೆಚ್ಚಗಿರುತ್ತದೆ. ತೋಟದಲ್ಲಿ ಸಿಲ್ವರ್ ಓಕ್ ಧಾರಾಳವಾಗಿ ಸಿಗುತ್ತದೆಂದು ಯಾರಾದರೂ ಕೊಡಲು ಮುಂದೆ ಬರುತ್ತಾರೆ. ಅವರ ಮನಸ್ಸು ದೊಡ್ಡದು, ಆದರೆ ಆ ಮರಕ್ಕೆ ಗೆದ್ದಲು ಬೇಗ ಹತ್ತುತ್ತದೆ.

ಕೀಗಳ ಕೆಳಗಿನ ಸಂಪರ್ಕ ಹೇಗಿದೆ ಎಂದೂ ಕೇಳಿ. ಲೋಹಕ್ಕೆ ಲೋಹ ತಾಗುವಂಥದ್ದಾದರೆ ಥಂಡಿಗೆ ಕಿಲುಬು ಹಿಡಿದು ಸ್ವರ ತೊದಲುತ್ತದೆ. ಬೆಳಕಿನಿಂದ ಅಥವಾ ಅಯಸ್ಕಾಂತದಿಂದ ಕೆಲಸ ಮಾಡುವ ಸೆನ್ಸರ್ ಇದ್ದರೆ ಆ ಭಯ ಕಡಿಮೆ.

ಕನ್ಸೋಲನ್ನು ಹೊರಗೋಡೆಯಿಂದ ಅರ್ಧ ಅಡಿ ದೂರ, ನೆಲದಿಂದ ಎರಡಿಂಚು ಎತ್ತರದ ಹಲಗೆಯ ಮೇಲೆ ಇಡಿ. ದಪ್ಪ ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ನೀರು ಕಟ್ಟುತ್ತದೆ. ಹತ್ತಿ ಬಟ್ಟೆ ಹೊದಿಸಿ. ಮಳೆಗಾಲದಲ್ಲಿ ಭಾನುವಾರ ಮಾತ್ರ ಆರ್ಗನ್ ಆನ್ ಮಾಡಿದರೆ ಸಾಲದು. ಸಿಡಿಲಿಲ್ಲದ ದಿನ ಒಂದು ಗಂಟೆಯಾದರೂ ಹಾಕಿಡಿ, ಒಳಗಿನ ಬಿಸಿಗೆ ಥಂಡಿ ಹೋಗುತ್ತದೆ. ಆ ಒಂದು ಗಂಟೆಯನ್ನು ಕಲಿಯುವ ಮಕ್ಕಳಿಗೆ ಕೊಟ್ಟರೆ ಆರ್ಗನ್ನೂ ಉಳಿಯುತ್ತದೆ, ಮುಂದೆ ನುಡಿಸುವವರೂ ಸಿಗುತ್ತಾರೆ. ಸ್ಪೀಕರ್ ತಂತಿಗಳನ್ನು ಪೈಪಿನೊಳಗೆ ಹಾಯಿಸಿ, ಇಲಿ ಬಿಡುವುದಿಲ್ಲ.

ಜಾಗ, ಮೆಟ್ಟಿಲು, ಲಾರಿ

ಎರಡು ಸಾಲಿನ ಕನ್ಸೋಲ್ ಸುಮಾರು ನಾಲ್ಕೂವರೆ ಅಡಿ ಅಗಲ. ಪೆಡಲ್, ಬೆಂಚು ಸೇರಿದರೆ ಉದ್ದವೂ ಅಷ್ಟೇ. ಹಳೇ ಕಾರ್ಡ್‌ಬೋರ್ಡಿನಲ್ಲಿ ಅದೇ ಅಳತೆ ಕತ್ತರಿಸಿ ಬಾಗಿಲು, ಅಟ್ಟದ ಮೆಟ್ಟಿಲು ದಾಟಿಸಿ ನೋಡಿ. ಅಟ್ಟ ಮರದ್ದಾದರೆ ಭಾರ ತಡೆಯುತ್ತದಾ ಎಂದು ತಿಳಿದವರಿಂದ ನೋಡಿಸಿ. ಕೊಡಗಿಗೆ ರೈಲಿಲ್ಲ. ಬರುವುದೆಲ್ಲ ರಸ್ತೆಯಲ್ಲೇ. 2018ರ ಆಗಸ್ಟಿನ ಭೂಕುಸಿತದಲ್ಲಿ ರಸ್ತೆಗಳೇ ಕೊಚ್ಚಿಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರ್ಗನ್ ತರಿಸಬೇಡಿ. ಮಳೆಗಾಲದಲ್ಲಿ ಆರ್ಡರ್ ಕೊಟ್ಟು ಜನವರಿ, ಫೆಬ್ರವರಿಯಲ್ಲಿ ಜೋಡಿಸಿಕೊಂಡರೆ ಈಸ್ಟರ್ ಹೊತ್ತಿಗೆ ಕೈ ಕೂರುತ್ತದೆ.

ಹಣ ಮತ್ತು ಕರಾರು

ಬೆಲೆ ಕೇಳುವಾಗ ಚರ್ಚಿನೊಳಗೆ ಜೋಡಿಸಿ, ಧ್ವನಿ ಹೊಂದಿಸಿ ಕೊಡುವವರೆಗಿನ ಪೂರ್ತಿ ಬೆಲೆ ಕೇಳಿ. ಕಸ್ಟಮ್ಸ್, ಜಿಎಸ್‌ಟಿ, ಸಾಗಣೆ, ವಿಮೆ, ಬರುವವರ ಊಟ ವಸತಿ ಎಲ್ಲ ಅದರಲ್ಲಿರಲಿ. ಅರ್ಥಿಂಗ್ ಮತ್ತು ಯುಪಿಎಸ್ ಖರ್ಚನ್ನು ಬೇರೆಯಾಗಿ ತೆಗೆದಿಡಿ.

ಕಾಣಿಕೆ ಎತ್ತುವುದಾದರೆ ಕಾಫಿ ಮಾರಾಟವಾಗುವ ತಿಂಗಳು ನೋಡಿಕೊಂಡು ಕಂತು ಇಡಿ. ಹೊರದೇಶದಲ್ಲಿರುವ ನಮ್ಮ ಮಕ್ಕಳು ಕೊಡಲು ಮುಂದೆ ಬಂದರೆ ಖಜಾಂಚಿಯವರು ಒಂದು ವಿಷಯ ಗಮನಿಸಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ, ಅವರು ನಮ್ಮೂರಿನವರೇ ಆಗಿದ್ದರೂ, ಅದು 2010ರ ವಿದೇಶಿ ದೇಣಿಗೆ ಕಾಯ್ದೆಯ ಕೆಳಗೆ ಬರುತ್ತದೆ. ಆ ಕಾಯ್ದೆಯ ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದೆ ತೆಗೆದುಕೊಳ್ಳಬಾರದು.

ಕರಾರಿನಲ್ಲಿ ನಾನು ಬಿಡದೆ ಬರೆಸುವುದು ಮೂರು. ವಾರಂಟಿ ಬಿಲ್ಲಿನ ದಿನದಿಂದ ಅಲ್ಲ, ಜೋಡಿಸಿದ ದಿನದಿಂದ ಶುರುವಾಗಬೇಕು ಮತ್ತು ಎರಡು ಮಳೆಗಾಲ ದಾಟಬೇಕು. ಒಂದು ಪವರ್ ಸಪ್ಲೈ, ಒಂದು ಆಂಪ್ಲಿಫೈಯರ್ ಹೆಚ್ಚುವರಿಯಾಗಿ ಚರ್ಚಿನಲ್ಲೇ ಇಟ್ಟಿರಬೇಕು. ಒಟ್ಟು ಹಣದಲ್ಲಿ ಹತ್ತನೇ ಒಂದು ಪಾಲು ಮೊದಲ ಮಳೆಗಾಲ ಮುಗಿಯುವವರೆಗೆ ನಮ್ಮ ಕೈಯಲ್ಲೇ ಇರಬೇಕು. ಇದಕ್ಕೆ ಒಪ್ಪದ ತಯಾರಕರ ಜೊತೆ ಮುಂದುವರಿಯಬೇಡಿ.

ಕೊನೆಯ ಹೆಜ್ಜೆ: ಧ್ವನಿ ಹೊಂದಿಸುವುದು

ಆರ್ಗನ್ ಬಂದು ನಿಂತ ಮೇಲೆ ಒಂದೊಂದು ಸ್ಟಾಪಿನ ಒಂದೊಂದು ಸ್ವರವನ್ನೂ ನಿಮ್ಮ ಕಟ್ಟಡಕ್ಕೆ ತಕ್ಕಂತೆ ಏರಿಸಿ ಇಳಿಸುವ ಕೆಲಸಕ್ಕೆ ವಾಯ್ಸಿಂಗ್ ಎನ್ನುತ್ತಾರೆ. ಮಾಡಿಸಿದ ಆರ್ಗನ್ನಿಗೂ ಅಂಗಡಿಯಿಂದ ತಂದದ್ದಕ್ಕೂ ಇರುವ ವ್ಯತ್ಯಾಸ ಮುಖ್ಯವಾಗಿ ಇದೇ. ಅರ್ಧ ದಿನದಲ್ಲಿ ಮುಗಿಸಿ ಹೊರಡಲು ಬಿಡಬೇಡಿ. ಎರಡು ದಿನವಾದರೂ ಬೇಕು.

ಖಾಲಿ ಚರ್ಚು ಬೇರೆ, ತುಂಬಿದ ಚರ್ಚು ಬೇರೆ. ಸ್ವೆಟರ್, ಶಾಲು ಹೊದ್ದು ಕೂತ ಇನ್ನೂರು ಜನ ಮೇಲಿನ ಸ್ವರಗಳನ್ನು ಹೀರಿಕೊಳ್ಳುತ್ತಾರೆ. ಶುಕ್ರವಾರ ಶನಿವಾರ ಹೊಂದಿಸಿ, ಭಾನುವಾರ ಆರಾಧನೆಯಲ್ಲಿ ಕೂತು ಕೇಳಿ, ಸೋಮವಾರ ತಿದ್ದಿ ಹೋಗುವಂತೆ ಅವರನ್ನು ಕರೆಸಿ. ಆ ಭಾನುವಾರ ಎಲ್ಲರಿಗೂ ಗೊತ್ತಿರುವ ಹಳೇ ಸಂಗೀತಗಳನ್ನೇ ಇಡಲು ಸಭೆಯ ಪಾದ್ರಿ ಅಯ್ಯನವರನ್ನು ಕೇಳಿಕೊಳ್ಳಿ. ಹೊಸ ಹಾಡಿನಲ್ಲಿ ಜನ ತಡವರಿಸಿದರೆ ತಪ್ಪು ಆರ್ಗನ್ನಿನದಾ ಹಾಡಿನದಾ ತಿಳಿಯುವುದಿಲ್ಲ.

ಮಳೆಗೆಂದೇ ಒಂದು ಪಿಸ್ಟನ್ ಬೇರೆ ಇಡಿ. ಮಳೆ ಜೋರಾದಾಗ ಎಲ್ಲರೂ ಮಾಡುವುದು ವಾಲ್ಯೂಮ್ ಏರಿಸುವುದು. ಅದರಿಂದ ಕೆಳಗಿನ ಗುಂಯ್ ಹೆಚ್ಚುತ್ತದೆ, ರಾಗ ಹಾಗೇ ಮುಳುಗಿರುತ್ತದೆ. ಹೆಂಚಿನ ಸದ್ದಿನ ಮೇಲೆ ತೇಲಿ ಬರುವುದು 4 ಮತ್ತು 2 ಅಡಿಯ ಪ್ರಿನ್ಸಿಪಲ್. ರಾಗವನ್ನು ಮಾತ್ರ ಟ್ರಂಪೆಟ್ಟಿಗೆ ಕೊಟ್ಟು ಬಲಗೈಯಲ್ಲಿ ಒಂಟಿಯಾಗಿ ನುಡಿಸಿದರೆ ಇನ್ನೂ ಚೆನ್ನು. ನಾವು ಒಂದನೇ ಪಿಸ್ಟನ್ನಿನ ಪಕ್ಕದಲ್ಲೇ ಇದನ್ನು ಇಟ್ಟು, ನೀಲಿ ಬಣ್ಣದ ಚುಕ್ಕೆ ಅಂಟಿಸಿದ್ದೇವೆ. ಪ್ರಾರ್ಥನೆಯ ನಡುವೆ ಮಳೆ ಸುರಿಯತೊಡಗಿದರೆ, ಆಮೆನ್ ಮುಗಿಯುವ ಮೊದಲೇ ಬೆರಳು ಅಲ್ಲಿಗೆ ಹೋಗಿರುತ್ತದೆ.

ಮೊದಲ ಜುಲೈ ಬಂದಾಗ ಒಂದು ಭಾನುವಾರ ಆರ್ಗನ್ನನ್ನು ಬೇರೆಯವರ ಕೈಗೆ ಕೊಟ್ಟು, ನೀವು ಕೊನೆಯ ಬೆಂಚಿನಲ್ಲಿ ವಯಸ್ಸಾದ ಅಜ್ಜಿಯಂದಿರ ಪಕ್ಕ ಕೂರಿ. ಮೂರನೇ ಚರಣದಲ್ಲಿ ಅವರ ಪುಸ್ತಕ ತೆರೆದೇ ಇದೆಯಾ ನೋಡಿ. ಮುಚ್ಚಿದ್ದರೆ ಎಲ್ಲಿ ಬಿಟ್ಟರು, ಯಾವ ಸ್ವರ ಕೇಳಲಿಲ್ಲ ಎಂದು ಕೇಳಿ ಬರೆದುಕೊಳ್ಳಿ. ಉಳಿಸಿಟ್ಟ ಹತ್ತನೇ ಪಾಲು ಕೊಡುವ ಮೊದಲು ಆ ಪಟ್ಟಿಯನ್ನು ತಯಾರಕರ ಕೈಗೆ ಕೊಡಿ.